ತನ್ನದಲ್ಲದ ಕಡಲಲ್ಲಿ ಅಮೆರಿಕಕ್ಕೇನು ಕೆಲಸ?

ಪ್ರಶ್ನೆ: ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕಕ್ಕೆ ಒಂದು ಬಂಡೆಯೂ ಸೇರಿಲ್ಲ. ಆದರೂ ಅದರ ಯುದ್ಧನೌಕೆಗಳು ಅಲ್ಲಿ ಸುತ್ತುವುದು ಫಿಲಿಪ್ಪೀನ್ಸ್ ಪರವಾಗಿ ತಾನೆ?

ಪೂರ್ತಿ ಹಾಗಲ್ಲ. ಅಮೆರಿಕ ಅಲ್ಲಿ ಎರಡು ಬೇರೆ ಕೆಲಸ ಮಾಡುತ್ತದೆ, ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ.

ಒಂದು, ಹಡಗು ಹಾಯಿಸಿ ಹಕ್ಕು ತೋರಿಸುವುದು. ಯಾವ ದಿಬ್ಬ ಯಾರದ್ದು ಎಂದು ಚೀನಾ, ಫಿಲಿಪ್ಪೀನ್ಸ್ ಮುಂತಾದವು ಆಡುವ ಜಗಳದಲ್ಲಿ ಅಮೆರಿಕ ಬಾಯಿ ಹಾಕುವುದಿಲ್ಲ. ಅದರ ತಕರಾರು ದಿಬ್ಬದ ಸುತ್ತಲಿನ ನೀರಿನದು. ಭರತದಲ್ಲೂ ತಲೆ ಎತ್ತಿರುವ ಬಂಡೆಗೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಪ್ರಾದೇಶಿಕ ಸಮುದ್ರ, ಎಂದರೆ ಒಡೆಯನ ದೇಶದ್ದೇ ಆದ ನೀರು, ಸಿಗುತ್ತದೆ. ಇಳಿತದಲ್ಲಷ್ಟೇ ಕಾಣುವ, ದಡದಿಂದ ದೂರವಿರುವ ದಿಬ್ಬಕ್ಕೆ ಏನೂ ಇಲ್ಲ. ಅದರ ಮೇಲೆ ಮರಳು ಸುರಿದು ರನ್‌ವೇ ಕಟ್ಟಿದರೂ ಸಿಗುವುದು 500 ಮೀಟರ್ ಸುರಕ್ಷತಾ ವಲಯ ಮಾತ್ರ.

ಹಾಯುವ ರೀತಿಯಲ್ಲೇ ಎಡವಟ್ಟಾಗುವುದುಂಟು. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾಸೆನ್ ನೌಕೆ, ಚೀನಾ ಹೀಗೆ ಮರಳು ಸುರಿದು ಕಟ್ಟಿದ ಸುಬಿ ರೀಫ್ ಎಂಬ ಹವಳದ ದಿಬ್ಬದ ಬಳಿ ನಿಲ್ಲದೆ ನೇರವಾಗಿ ಸಾಗಿಹೋಯಿತು. ಪರರ ಪ್ರಾದೇಶಿಕ ಸಮುದ್ರದಲ್ಲಿ ನಿರುಪದ್ರವಿಯಾಗಿ ಹಾಯುವ ಕ್ರಮವೂ ಅದೇ. ಹಾಗಾಗಿ ಚೀನಾದ ಹಕ್ಕನ್ನು ಒಪ್ಪಿಕೊಂಡಂತಾಯಿತಲ್ಲ ಎಂದು ಕಾನೂನು ತಜ್ಞರು ಆಕ್ಷೇಪಿಸಿದರು. 2017ರ ಮೇನಲ್ಲಿ ಅಮೆರಿಕದ್ದೇ ಡ್ಯೂಯಿ ನೌಕೆ ಅಂಥದ್ದೇ ಮಿಸ್ಚೀಫ್ ರೀಫ್ ಬಳಿ, ನೀರಿಗೆ ಬಿದ್ದವನನ್ನು ಎತ್ತುವ ತಾಲೀಮನ್ನೇ ನಡೆಸಿತು. ಇದು ತೆರೆದ ಕಡಲು ಎಂದು ಹೇಳಬೇಕಿದ್ದರೆ ಹೀಗೆಯೇ ಹೇಳಬೇಕು.

ಸಮುದ್ರ ಕಾನೂನಿನ 1982ರ ಒಪ್ಪಂದಕ್ಕೆ ಚೀನಾ ಸೇರಿದೆ, ಅಮೆರಿಕ ಸೇರಿಲ್ಲ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಹೀಗೆ ಹಾಯ್ದು ಹಕ್ಕು ತೋರಿಸುವುದರ ಬಿಸಿ ನಮಗೂ ತಟ್ಟಿದೆ: 2021ರ ಏಪ್ರಿಲ್ 7ರಂದು ಅಮೆರಿಕದ ನೌಕೆಯೊಂದು ಲಕ್ಷದ್ವೀಪದ ಪಶ್ಚಿಮಕ್ಕೆ, ನಮ್ಮ ಆರ್ಥಿಕ ವಲಯದಲ್ಲಿ (ಮೀನು, ಖನಿಜಗಳ ಹಕ್ಕು ನಮಗಿರುವ ಕಡಲಿನಲ್ಲಿ), ಕೇಳದೆಯೇ ಹಾಯ್ದು ಅದನ್ನು ತಾನೇ ಪ್ರಕಟಿಸಿತು. ದೆಹಲಿ ಆಕ್ಷೇಪ ಸಲ್ಲಿಸಿತು.

ಎರಡನೆಯದು 1951ರ ಪರಸ್ಪರ ರಕ್ಷಣಾ ಒಪ್ಪಂದ. ಪೆಸಿಫಿಕ್‌ನಲ್ಲಿ ಫಿಲಿಪ್ಪೀನ್ಸ್‌ನ ಸೇನೆ, ಸರ್ಕಾರಿ ಹಡಗು, ವಿಮಾನಗಳ ಮೇಲೆ ಸಶಸ್ತ್ರ ದಾಳಿಯಾದರೆ ಅಮೆರಿಕ ತನ್ನ ಸಂವಿಧಾನದ ಕ್ರಮದಂತೆ ನೆರವಿಗೆ ಬರಬೇಕು. ಅದರಲ್ಲಿ ದಕ್ಷಿಣ ಚೀನಾ ಸಮುದ್ರವೂ ಸೇರಿದೆ ಎಂದು 2019ರಲ್ಲಿ, ಕರಾವಳಿ ಪಡೆಯೂ ಸೇರಿದೆ ಎಂದು 2023ರ ಮಾರ್ಗಸೂಚಿಯಲ್ಲಿ ಬಿಡಿಸಿ ಹೇಳಲಾಯಿತು.

ನಿಜವಾದ ಅಪಾಯ ಇರುವುದು ಇಲ್ಲಿ. ಚೀನಾವೂ ತನ್ನದೆನ್ನುವ ಸೆಕೆಂಡ್ ಥಾಮಸ್ ದಿಬ್ಬದ ಮೇಲೆ ಫಿಲಿಪ್ಪೀನ್ಸ್ 1999ರಲ್ಲಿ ಸಿಯೆರಾ ಮಾಡ್ರೆ ಎಂಬ ಹಡಗನ್ನು ಬೇಕೆಂದೇ ಹತ್ತಿಸಿ ನಿಲ್ಲಿಸಿ, ಅದರಲ್ಲಿ ತನ್ನ ಸೈನಿಕರನ್ನಿಟ್ಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕವೇ ಕಟ್ಟಿದ ಹಡಗು ಅದು. ಮೈಯೆಲ್ಲ ತುಕ್ಕು, ಆದರೂ ನೌಕಾಪಡೆಯ ಪಟ್ಟಿಯಿಂದ ಹೆಸರು ತೆಗೆದಿಲ್ಲ. ಪಟ್ಟಿಯಲ್ಲಿದ್ದರೆ ತಾನೆ ಒಪ್ಪಂದದ ರಕ್ಷಣೆ! ಚೀನಾಕ್ಕೂ ಇದು ಗೊತ್ತು. ಹಾಗಾಗಿ ಫಿರಂಗಿಯ ಬದಲು ಜಲಫಿರಂಗಿ, ಯುದ್ಧನೌಕೆಯ ಬದಲು ಕರಾವಳಿ ಪಡೆ. 'ಸಶಸ್ತ್ರ ದಾಳಿ' ಎನ್ನಲು ಆಗಬಾರದು, ಆದರೆ ಆ ಸೈನಿಕರಿಗೆ ರೇಷನ್ ತಲುಪಬಾರದು.

2024ರ ಜೂನ್ 17ರಂದು ಚೀನಾದವರು ಚಾಕು, ಕೊಡಲಿ ಹಿಡಿದು ಸರಬರಾಜು ದೋಣಿಗಳ ಮೇಲೆ ಬಂದಾಗ ಫಿಲಿಪ್ಪೀನ್ಸ್‌ನ ನಾವಿಕನೊಬ್ಬನ ಹೆಬ್ಬೆರಳು ತುಂಡಾಯಿತು. ಮನಿಲಾ ಇದನ್ನು ಸಶಸ್ತ್ರ ದಾಳಿ ಎನ್ನಲಿಲ್ಲ. ಜುಲೈನಲ್ಲಿ ಎರಡೂ ಕಡೆಯವರು ಸರಬರಾಜಿನ ತಾತ್ಕಾಲಿಕ ಏರ್ಪಾಡಿಗೆ ಒಪ್ಪಿದರು. ಮೊದಲೇ ತಿಳಿಸಿ ಹೋಗಬೇಕು ಎಂದು ಬೀಜಿಂಗ್, ಹಾಗೇನೂ ಒಪ್ಪಿಲ್ಲ ಎಂದು ಮನಿಲಾ. ಏನೇ ಇರಲಿ, ಆ ತಿಂಗಳ 27ಕ್ಕೆ ರೇಷನ್ ತಲುಪಿತು.