ಪಕ್ಕದ ಹೊಲದವನೇ ಜಾಮೀನು

ಸಾವಕಾರ ಬಡ್ಡಿ ಜಾಸ್ತಿ ಹಾಕುವುದು ದುರಾಸೆಗೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ದುರಾಸೆ ಇದ್ದದ್ದೇ ಬಿಡಿ. ಆದರೆ ಅವನ ಕೈಲಿ ಇನ್ನೊಂದು ಬಂಡವಾಳ ಇದೆ, ಊರಿನ ಸುದ್ದಿ. ಯಾರ ಎರೆ ಹೊಲದಲ್ಲಿ ಕಸ ನಿಂತಿದೆ, ಯಾರ ಎತ್ತು ಸೊರಗಿದೆ, ಯಾರ ಮನೆಯಲ್ಲಿ ಮದುವೆ ಬಂದಿದೆ, ಎಲ್ಲ ಅವನಿಗೆ ಗೊತ್ತು. ಪೇಟೆಯ ಬ್ಯಾಂಕಿಗೆ ಉತಾರ, ಅಂದರೆ ಪಹಣಿ ಕಾಗದ ಕಾಣುತ್ತದೆ, ಹೊಲ ಕಾಣುವುದಿಲ್ಲ. ಹಾಗಾಗಿ ಬ್ಯಾಂಕು ಹೆದರುತ್ತದೆ, ಸಾವಕಾರ ಹೇಳಿದ್ದೇ ಬಡ್ಡಿ ಆಗುತ್ತದೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಾಗ ವ್ಯವಹಾರ ಹೇಗೆ ಕೆಡುತ್ತದೆ ಅಂತ ಬಿಡಿಸಿ ತೋರಿಸಿದ್ದಕ್ಕೇ 2001ರಲ್ಲಿ ಅಕರ್ಲಾಫ್, ಸ್ಪೆನ್ಸ್, ಸ್ಟಿಗ್ಲಿಟ್ಜ್ ಮೂವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಗದಗ ಪಕ್ಕದ ಕಣಗಿನಹಾಳದಲ್ಲಿ ಇದಕ್ಕೆ ಮದ್ದು 1905ರಲ್ಲೇ ಶುರುವಾಗಿತ್ತು. ಸಹಕಾರ ಸಂಘಗಳ ಕಾಯ್ದೆ ಬಂದು ಒಂದೇ ವರ್ಷ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾಕ್ಕೇ ಮೊದಲನೆಯದು ಅಂತ ನಮ್ಮ ಕಡೆ ಎದೆಯುಬ್ಬಿಸಿ ಹೇಳುತ್ತೇವೆ. ಉಪಾಯ ಜರ್ಮನಿಯಲ್ಲಿ ಹಳ್ಳಿಗರ ಸಾಲದ ಸಂಘ ಕಟ್ಟಿದ ರೈಫೈಸನ್ ಅವರದು. ಕಾಯ್ದೆಯಲ್ಲಿ ಒಂದು ಗಟ್ಟಿ ಷರತ್ತಿತ್ತು: ಹಳ್ಳಿಯ ಸಂಘ ಮುಳುಗಿದರೆ ಸದಸ್ಯರೆಲ್ಲ ಸ್ವಂತ ಆಸ್ತಿಯಿಂದ ತುಂಬಬೇಕು, ಇಷ್ಟೇ ಅಂತ ಮಿತಿ ಇಲ್ಲ. ಅಂದರೆ ಬಿತ್ತನೆಗೆ ಅಂತ ದುಡ್ಡು ತಗೊಂಡವನು ಅದನ್ನು ಜಾತ್ರೆಯಲ್ಲಿ ಕಳೆದರೆ ಕುತ್ತು ಬರುವುದು ನನ್ನ ಹೊಲಕ್ಕೆ. ಆಗ ನಾನು ಸುಮ್ನೆ ಇರ್ತೀನಾ? ಬೆಳಗ್ಗೆ ಬದುವಿನ ಮೇಲೆ ನಿಂತೇ ಕೇಳ್ತೀನಿ, ‘ಏನಪಾ, ಬೀಜ ತಂದಿ ಇಲ್ಲೋ?’ ಪತ್ತು ಅಂದರೆ ನಂಬಿಕೆ ಅಂತಾರೆ, ನನಗೆ ಅದರಲ್ಲಿ ಅರ್ಧ ಕಾವಲು ಕಾಣುತ್ತದೆ.

ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಸಾಲ ಪಡೆಯುವ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಐದು ಜನರ ಗುಂಪು, ನಮ್ಮ ಓಣಿಯ ಸ್ತ್ರೀಶಕ್ತಿ ಸಂಘ, ಎಲ್ಲ ಇದೇ ಬಳ್ಳಿಯ ಕಾಯಿ.

ಆದರೆ ಪಕ್ಕದವನು ಜಾಮೀನಾದರೆ ಒಂದು ತೊಂದರೆ ಇದೆ, ಅವನ ಹೊಲದ ಮೇಲೂ ಅದೇ ಮೋಡ ಅಲ್ವಾ? ಹಿಂಗಾರಿ ಕೈಕೊಟ್ಟರೆ ನನ್ನ ಕಡಲೆಯೂ ಒಣಗುತ್ತದೆ, ಅವನ ಜೋಳವೂ ಒಣಗುತ್ತದೆ. ಉಳ್ಳಾಗಡ್ಡಿ ರೇಟು ಬಿದ್ದರೆ ಇಬ್ಬರಿಗೂ ಒಂದೇ ದಿನ ಬೀಳುತ್ತದೆ. ಅದಕ್ಕೇ ಊರ ಸೊಸೈಟಿಯ ಮೇಲೆ ಜಿಲ್ಲಾ ಬ್ಯಾಂಕು, ಅದರ ಮೇಲೆ ರಾಜ್ಯದ ಅಪೆಕ್ಸ್ ಬ್ಯಾಂಕು ಇರುವುದು, ಮಳೆ ಬಂದ ಊರಿನ ದುಡ್ಡು ಬಾರದ ಊರಿಗೆ ಹರಿಯಲಿ ಅಂತ. ಬೆಳೆ ವಿಮೆಯ ಲೆಕ್ಕವೂ ಅದೇ. ಆದರೆ ಅಲ್ಲಿ ಇಳುವರಿ ಅಳೆಯುವುದು ಇಡೀ ಪಂಚಾಯಿತಿಗೋ ಹೋಬಳಿಗೋ ಸೇರಿಸಿ. ಒಂದು ವರ್ಷ ಹಳ್ಳದ ಆಚೆ ಚೆನ್ನಾಗಿ ಸುರಿದ ಮಳೆ ಈಚೆ ಇರುವ ನಮ್ಮ ಕಾಕಾನ ಹೊಲಕ್ಕೆ ಬರಲೇ ಇಲ್ಲ. ಕಾಗದದಲ್ಲಿ ಮಾತ್ರ ಆ ಹೊಲವೂ ನೆನೆದಿತ್ತು.