ಪದ ಪರಿಚಯ: ಫೈಲ್ ‘ಲಾಕ್’ ಆಗುವುದು

‘ಸಾರ್, ಶೆಡ್ಯೂಲ್ ಫೈಲ್ ಲಾಕ್ ಆಗಿದೆ, ಪಾಸ್‌ವರ್ಡ್ ಯಾರ ಹತ್ರ ಇದೆ?’ ಶೆಡ್ಯೂಲ್ ಎಂದರೆ ಯಾವ ಕೆಲಸ ಯಾವಾಗ ಎಂಬ ಪಟ್ಟಿ. ಹಾಸನದ ಬಿ.ಎಂ. ರಸ್ತೆಯ ಕಂಟ್ರಾಕ್ಟರ್ ಕಚೇರಿಯೊಂದರ ವಾಟ್ಸ್ಯಾಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಇದೇ ಪ್ರಶ್ನೆ. ಆ ಫೈಲಿಗೆ ಪಾಸ್‌ವರ್ಡೇ ಇಲ್ಲ. ಆದರೂ ಇಬ್ಬರು ತಮಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನೆಲ್ಲ ಗುಂಪಿಗೇ ಹಾಕಿಬಿಟ್ಟರು. ಪುಣ್ಯಾತ್ಮರು.

ಪಾಸ್‌ವರ್ಡ್, ಪರ್ಮಿಷನ್, ಲಾಕ್ ಮೂರಕ್ಕೂ ನಮ್ಮಲ್ಲಿ ಒಂದೇ ಮಾತು, ‘ಲಾಕ್ ಆಗಿದೆ’. ಪರ್ಮಿಷನ್ ಇಲ್ಲದಿದ್ದರೆ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗೆ ಹೇಳಿ ಹಾಕಿಸಿಕೊಳ್ಳಬೇಕು, ಅಷ್ಟೇ. ಇನ್ನೊಬ್ಬರ ಕೈಯಲ್ಲಿದ್ದು ಲಾಕ್ ಆದ ಫೈಲು ಸಾಮಾನ್ಯವಾಗಿ ತೆರೆಯುತ್ತದೆ, ಓದಲೂ ಬರುತ್ತದೆ. ತಿದ್ದಿ ಸೇವ್ ಮಾಡಲು ಮಾತ್ರ ಬಿಡುವುದಿಲ್ಲ.

ಲಾಕ್ ಎಂದೊಡನೆ ಬೀಗ ನೆನಪಾಗುವುದೇ ಈ ಗೊಂದಲದ ಬೇರು. ಇದು ಬೀಗಕ್ಕಿಂತ ರೆಕಾರ್ಡ್ ರೂಮಿನ ರಿಜಿಸ್ಟರಿಗೆ ಹತ್ತಿರ: ಕಡತ ಯಾರು ಒಯ್ದರು ಎಂದು ಬರೆದಿಡುವ ಸಾಲು. ಕಚೇರಿಯವರೆಲ್ಲ ಫೈಲು ಹಂಚಿಕೊಳ್ಳುವ ಮೈಕ್ರೋಸಾಫ್ಟಿನ ಪ್ರಾಜೆಕ್ಟ್ ಸರ್ವರಿನಲ್ಲೂ ಶೇರ್‌ಪಾಯಿಂಟಿನಲ್ಲೂ ಹೀಗೆ ಒಯ್ಯುವುದಕ್ಕೆ ಚೆಕ್-ಔಟ್ ಎನ್ನುತ್ತಾರೆ, ತಂದೊಪ್ಪಿಸುವುದು ಚೆಕ್-ಇನ್. ಫೈಲಿಗೆ ಆದ ಬದಲಾವಣೆಗಳ ಲೆಕ್ಕವಿಡುವ, 1980ರ ದಶಕದ ಆರ್‌ಸಿಎಸ್ ಎಂಬ ತಂತ್ರಾಂಶದಲ್ಲೇ ಈ ಪದ್ಧತಿ ಇತ್ತು: ಒಬ್ಬರು ಲಾಕ್ ಹಾಕಿ ಒಯ್ದರೆ ಉಳಿದವರು ಓದಿಕೊಂಡಿರಬೇಕು. ಆಮೇಲೆ ಬಂದ ಅದೇ ಬಗೆಯ ಸಿವಿಎಸ್, ಎಲ್ಲರೂ ತಿದ್ದಲಿ, ಕೊನೆಗೆ ಕೂಡಿಸಿಕೊಳ್ಳೋಣ ಎಂದಿತು. ಪಠ್ಯಕ್ಕೆ ಅದು ಸರಿ. ಚಿತ್ರವನ್ನೋ ಡ್ರಾಯಿಂಗನ್ನೋ ಹಾಗೆ ಕೂಡಿಸಲಾಗದು. ಹಾಗಾಗಿ ಇದೇ ಸಾಲಿನ ಸಬ್‌ವರ್ಷನ್ ಎಂಬ ತಂತ್ರಾಂಶ 2005ರಲ್ಲಿ 1.2ನೇ ಆವೃತ್ತಿಯೊಂದಿಗೆ ಲಾಕನ್ನು ಸೇರಿಸಿಕೊಂಡಿತು. ಅದರಲ್ಲಿ ಇನ್ನೊಬ್ಬರ ಲಾಕ್ ತೆಗೆದುಹಾಕುವುದಕ್ಕೆ ‘ಮುರಿಯುವುದು’ ಎಂದೂ, ತೆಗೆದು ತನ್ನ ಹೆಸರಿಗೆ ಮಾಡಿಕೊಳ್ಳುವುದಕ್ಕೆ ‘ಕದಿಯುವುದು’ ಎಂದೂ ಹೆಸರು. ಮುಚ್ಚುಮರೆ ಇಲ್ಲದ ಪದಗಳು, ನನಗಂತೂ ಇಷ್ಟ.

ಹಾಗಾದರೆ ಫೈಲು ವಾಪಸ್ ಸಿಗುವುದು ಹೇಗೆ? ಮೊದಲು ಪರದೆಯ ಮೇಲಿನ ಸಂದೇಶ ಓದಿ. ಎಷ್ಟೋ ಸಲ ಯಾರ ಕೈಯಲ್ಲಿದೆ ಎಂದು ಅದರಲ್ಲೇ ಇರುತ್ತದೆ, ಓದುವವರಿಲ್ಲ. ಸಕಲೇಶಪುರದ ಸೈಟ್ ಎಂಜಿನಿಯರ್ ಬೆಳಿಗ್ಗೆ ಚೆಕ್-ಔಟ್ ಮಾಡಿ, ಲ್ಯಾಪ್‌ಟಾಪ್ ಮಡಚಿಕೊಂಡು ಘಾಟಿ ಇಳಿದು ನೆಟ್‌ವರ್ಕ್ ಕಳೆದುಕೊಂಡಿರುತ್ತಾರೆ. ಅವರಿಗೊಂದು ಫೋನು, ಸಿಗದಿದ್ದರೆ ಸಂಜೆಯವರೆಗೆ ತಾಳ್ಮೆ.

ಹಂಚಿಕೊಂಡ ಫೋಲ್ಡರಿನ ಎಕ್ಸೆಲ್ ಆದರೆ ಕಥೆ ಬೇರೆ. ತೆರೆದಾಗ ಪಕ್ಕದಲ್ಲೇ ~$ ಗುರುತಿನಿಂದ ಶುರುವಾಗುವ ಅಡಗಿದ ಪುಟ್ಟ ಫೈಲೊಂದು ಹುಟ್ಟುತ್ತದೆ, ತೆರೆದವರ ಹೆಸರು ಅದರಲ್ಲಿರುತ್ತದೆ, ಮುಚ್ಚಿದಾಗ ಹೋಗುತ್ತದೆ. ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಅದು ಅಲ್ಲೇ ಉಳಿದುಬಿಡಬಹುದು. ಯಾರೂ ತೆರೆದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಅದನ್ನಷ್ಟೇ ಅಳಿಸಿ. ಅವಸರದಲ್ಲಿ ಮೂಲ ಫೈಲಿಗೇ ಕೈ ಹಾಕಬೇಡಿ.

ಇನ್ನು ಚೆಕ್-ಔಟ್ ಆದ ಫೈಲಿಗೆ ಎಲ್ಲರಿಗೂ ಪ್ರಿಯವಾದ ‘ಫೋರ್ಸ್ ಚೆಕ್-ಇನ್’, ಅಂದರೆ ಬಲವಂತದ ಚೆಕ್-ಇನ್. ಅಡ್ಮಿನ್ ಒಂದು ಗುಂಡಿ ಒತ್ತಿದರೆ ಫೈಲು ಬಿಡುಗಡೆ, ನಿಜ. ಆದರೆ ಸರ್ವರಿಗೆ ಸೇರದೆ ಆ ಎಂಜಿನಿಯರ್ ಲ್ಯಾಪ್‌ಟಾಪಿನಲ್ಲೇ ಉಳಿದ ತಿದ್ದುಪಡಿಗಳು ಬಿಡುಗಡೆಯಾದ ಫೈಲಿನಲ್ಲಿ ಇರುವುದಿಲ್ಲ. ಅವರನ್ನು ಕೇಳದೆ ಒತ್ತಿಸಿದರೆ ಇಡೀ ದಿನದ ಅಳತೆಗಳನ್ನು ಅವರು ಮತ್ತೆ ತುಂಬಬೇಕಾದೀತು. ಇದಕ್ಕಿಂತ ಕೆಟ್ಟದ್ದು ‘ಸೇವ್ ಆ್ಯಸ್’ ಮಾಡಿ ‘ಫೈನಲ್ 2’ ಎಂದು ಹೆಸರಿಡುವ ಚಾಳಿ. ಕಾಂಕ್ರೀಟ್ ಒಂದು ಶೆಡ್ಯೂಲ್ ನೋಡಿ ಬರುತ್ತದೆ, ಸೆಂಟ್ರಿಂಗ್‌ನವರು ಇನ್ನೊಂದನ್ನು ನೋಡಿ ಬರುತ್ತಾರೆ.