ಎಕ್ಸರ್‌ಸೈಸ್ ಅಂದರೆ ಬರೀ ವ್ಯಾಯಾಮವಲ್ಲ

ಎಕ್ಸರ್‌ಸೈಸ್ ಅಂದ ಕೂಡಲೇ ನಮಗೆ ವಾಕಿಂಗ್, ಜಿಮ್, ಬಸ್ಕಿ ನೆನಪಾಗುತ್ತವೆ. ಆದರೆ ಇದೇ ಪದ ಗಣಿತದ ಪುಸ್ತಕದಲ್ಲಿ, ಸೇನೆಯ ಸುದ್ದಿಯಲ್ಲಿ, ಕಾನೂನಿನ ಕಾಗದದಲ್ಲಿ, ಷೇರು ಮಾರುಕಟ್ಟೆಯಲ್ಲೂ ಸಿಗುತ್ತದೆ. ಎಲ್ಲ ಕಡೆಯೂ ‘ವ್ಯಾಯಾಮ’ ಅಂತ ಬರೆದರೆ ಅರ್ಥ ಕೆಡುತ್ತದೆ.

ಇದರ ಬೇರು ಲ್ಯಾಟಿನ್‌ನ ‘ಎಕ್ಸೆರ್ಕೇರೆ’. ಸುಮ್ನೆ ಕೂರಲು ಬಿಡದೆ ಕೆಲಸಕ್ಕೆ ಹಚ್ಚು, ಪಳಗಿಸು ಎಂಬುದು ಅದರ ಅರ್ಥ. ಇದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ. ಏನನ್ನು ಕೆಲಸಕ್ಕೆ ಹಚ್ಚುತ್ತಿದ್ದೇವೆ ಅಂತ ನೋಡಿದರೆ ಸಾಕು.

ಮೈಯನ್ನು ಹಚ್ಚಿದರೆ ವ್ಯಾಯಾಮ. ಇಲ್ಲೂ ಒಂದು ವ್ಯತ್ಯಾಸವಿದೆ. ಬಸ್ಸಿಗೆ ಓಡುವುದು, ಬಕೆಟ್ ಹೊರುವುದು, ಮನೆ ಒರೆಸುವುದು ದೈಹಿಕ ಚಟುವಟಿಕೆ. ದೇಹವನ್ನು ಗಟ್ಟಿಮಾಡಿಕೊಳ್ಳಲೆಂದೇ ಕ್ರಮವಾಗಿ, ಮತ್ತೆ ಮತ್ತೆ ಮಾಡುವುದು ಮಾತ್ರ ವ್ಯಾಯಾಮ. 1985ರ ಒಂದು ಪ್ರಸಿದ್ಧ ಸಂಶೋಧನಾ ಲೇಖನ ಈ ಗೆರೆ ಎಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಅಂತ ಹೇಳಿದ್ದು ಮಧ್ಯಮ ಶ್ರಮದ ಚಟುವಟಿಕೆಯ ಲೆಕ್ಕ. ಅಂದರೆ ಬಿರುಸಾಗಿ ಮಾಡುವ ಮನೆಗೆಲಸವೂ ಅದರಲ್ಲಿ ಸೇರುತ್ತದೆ. ಜಿಮ್‌ಗೆ ಹೋಗಲಾಗದವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ ಅಲ್ವಾ?

ಕಲಿತದ್ದನ್ನು ಕೆಲಸಕ್ಕೆ ಹಚ್ಚಿದರೆ ಅಭ್ಯಾಸ. ಪಾಠದ ಕೊನೆಯ ಲೆಕ್ಕಗಳೂ ಇದೇ, ಪಿಟೀಲು ಕಲಿಯುವವರು ದಿನಾ ನುಡಿಸುವ ಪಾಠಗಳೂ ಇದೇ. ಸೇನೆ ಮಾಡಿದರೆ ಸಮರಾಭ್ಯಾಸ.

‘ಕಸರತ್ತು’ ನನಗೆ ತುಂಬ ಇಷ್ಟದ ಪದ. ಅರಬ್ಬಿ ಬೇರಿನ ಈ ಪದ ಕನ್ನಡದಲ್ಲಿ ಮೊದಲು ಮೈ ದಂಡಿಸುವುದಕ್ಕೇ ಇತ್ತು. ಈಗ ಪತ್ರಿಕೆಗಳಲ್ಲಿ ‘ಸಂಪುಟ ರಚನೆಗೆ ಕಸರತ್ತು’ ಅಂತ ಜಾಸ್ತಿ ಕಾಣುತ್ತದೆ. ಇಂಗ್ಲಿಷಿನಲ್ಲೂ ಫಲ ಕೊಡದ ಪ್ರಯತ್ನಕ್ಕೆ ‘ಎಕ್ಸರ್‌ಸೈಸ್ ಇನ್ ಫ್ಯುಟಿಲಿಟಿ’ ಅನ್ನುತ್ತಾರೆ. ಅಲ್ಲಿಗೆ ‘ವ್ಯರ್ಥ ಕಸರತ್ತು’ ಸರಿಯಾಗಿ ಕೂರುತ್ತದೆ.

ಜನ ಎಡವುವುದು ಎಕ್ಸರ್‌ಸೈಸ್ ಕ್ರಿಯಾಪದವಾದಾಗ. ಹಕ್ಕು, ಅಧಿಕಾರದ ಜೊತೆ ಬಂದರೆ ‘ಚಲಾಯಿಸು’. ಎಚ್ಚರದ ಜೊತೆ ‘ವಹಿಸು’. ಸಂಯಮದ ಜೊತೆ ‘ತೋರು’. ವಿವೇಚನೆಯ ಜೊತೆ ‘ಬಳಸು’. ಕನ್ನಡದಲ್ಲಿ ನಾಮಪದವೇ ತನಗೆ ಬೇಕಾದ ಕ್ರಿಯಾಪದವನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ನಿಘಂಟಿನ ಮೊದಲ ಅರ್ಥ ತೆಗೆದು ಅಂಟಿಸಿದರೆ ಕೆಲಸ ಆಗುವುದಿಲ್ಲ.

ಷೇರು ಆಪ್ಷನ್‌ನಲ್ಲಿ, ಅಂದರೆ ಮೊದಲೇ ಗೊತ್ತುಮಾಡಿದ ದರಕ್ಕೆ ಷೇರು ಕೊಳ್ಳುವ ಅಥವಾ ಮಾರುವ ಹಕ್ಕಿನಲ್ಲಿ, ಇದು ಚೆನ್ನಾಗಿ ಕಾಣುತ್ತದೆ. ಒಂದು ಷೇರನ್ನು 100 ರೂಪಾಯಿ ದರಕ್ಕೆ ಕೊಳ್ಳುವ ಹಕ್ಕು ನಿಮ್ಮಲ್ಲಿದೆ ಅಂದುಕೊಳ್ಳಿ. ಆ 100ಕ್ಕೆ ಎಕ್ಸರ್‌ಸೈಸ್ ಪ್ರೈಸ್ ಅಂತ ಹೆಸರು. ಮಾರುಕಟ್ಟೆ ದರ 140 ಆದರೆ ಹಕ್ಕು ಚಲಾಯಿಸಿ 100ಕ್ಕೇ ಕೊಳ್ಳಬಹುದು. 90ಕ್ಕೆ ಇಳಿದರೆ ಬಿಟ್ಟುಬಿಡಬಹುದು, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಅಮೆರಿಕನ್ ಮಾದರಿಯ ಆಪ್ಷನ್ ಅನ್ನು ಅವಧಿಯೊಳಗೆ ಯಾವಾಗ ಬೇಕಾದರೂ ಚಲಾಯಿಸಬಹುದು. ಯುರೋಪಿಯನ್ ಮಾದರಿಯದನ್ನು ಅವಧಿ ಮುಗಿಯುವ ದಿನ ಮಾತ್ರ.